ಕೊನೆಯಲ್ಲಿ ಬರೆದ ಮೆಕ್ಯಾನಿಕಲ್

ಎಂಜಿನಿಯರಿಂಗ್ ಪ್ರವೇಶಾತಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಮಗಳಿಗೆ ನೀವು ಕಂಪ್ಯೂಟರ್ ಸೈನ್ಸ್ ಸೀಟು ಕೊಟ್ಟಿದ್ದೀರಿ. ಅದನ್ನು ಹಿಂದಕ್ಕೆ ತೆಗೆದುಕೊಂಡು ಮೆಕ್ಯಾನಿಕಲ್ ಕೊಡಿ ಎಂದು ಕೇಳಲು ಈ ಪತ್ರ. ನಗು ಬಂದರೆ ನಕ್ಕುಬಿಡಿ, ನಿಮ್ಮ ಕಚೇರಿಯ ಮೂರು ಕೌಂಟರುಗಳಲ್ಲಿ ಈಗಾಗಲೇ ನಕ್ಕಾಗಿದೆ. ಊರೆಲ್ಲ ಬೇಡುವುದು ಸಿಕ್ಕಿರುವಾಗ ಇದಕ್ಕೂ ಕಂಪ್ಲೇಂಟಾ ಎಂದು ಮೂರನೆಯ ಕೌಂಟರಿನವರು ತಮಿಳಿನಲ್ಲಿ ಕೇಳಿದರು. ಈ ಪತ್ರ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಗಾಗಿ ಕನ್ನಡದಲ್ಲಿದೆ. ನಿಮಗೆ ಓದಲು ಬಾರದಿದ್ದರೆ ಬೇಸರ ಬೇಡ, ನಿಮ್ಮ ನಲವತ್ತು ಪುಟಗಳ ಇಂಗ್ಲಿಷ್ ಸೂಚನೆಗಳೂ ನನಗೆ ಅರ್ಥವಾಗಿರಲಿಲ್ಲ.

ತ್ರಿಪ್ಲಿಕೇನಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹೋಟೆಲ್ ನಡೆಸುತ್ತಿದ್ದೇನೆ. ಮಗಳು ವೀಕ್ಷಾ ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಗ್ರೈಂಡರ್ ನಿಂತುಹೋಯಿತು. ರಿಪೇರಿಯವನು ನಾಳೆ ಬರುತ್ತೇನೆಂದ. ಇವಳು ತಾನೇ ಬಿಚ್ಚಿ, ಬೆಲ್ಟ್ ಸರಿಪಡಿಸಿ, ಹಿಟ್ಟು ರುಬ್ಬಿಸಿದಳು. ಅಂದಿನಿಂದ ಅವಳಿಗೆ ಮೆಕ್ಯಾನಿಕಲ್ ಬಿಟ್ಟರೆ ಬೇರೆ ಮಾತಿಲ್ಲ. ಮನೆಯಿಂದ ಒಂದೇ ಬಸ್ಸಿನ ದೂರದ ಒಳ್ಳೆಯ ಕಾಲೇಜಿನಲ್ಲಿ ಅದು ಸಿಗುವಷ್ಟು ರ‍್ಯಾಂಕೂ ಬಂತು. ಹದಿನೆಂಟು ಆಯ್ಕೆಗಳನ್ನು ಒಂದು ಹಾಳೆಯಲ್ಲಿ ಅಂದವಾಗಿ ಬರೆದಿಟ್ಟಳು. ಅದನ್ನು ಕಂಪ್ಯೂಟರಿಗೆ ತುಂಬಿಸುವ ಕೊನೆಯ ದಿನ ಅವಳಿಗೆ ವಿಪರೀತ ಜ್ವರ. ಹಾಳೆ ಹಿಡಿದು ನಿಮ್ಮ ಸಹಾಯ ಕೇಂದ್ರಕ್ಕೆ ನಾನೇ ಹೋದೆ.

ತಪ್ಪು ಮಾಡಿದ್ದು ಅಲ್ಲಿ. ನಮ್ಮ ಹೋಟೆಲಿನಲ್ಲಿ ಗಿರಾಕಿ ಏನಿದೆ ಎಂದು ಕೇಳಿದರೆ ಸಪ್ಲೈಯರ್ ಮೊದಲು ತಯಾರಿರುವುದನ್ನು ಹೇಳುತ್ತಾನೆ: ಇಡ್ಲಿ, ವಡೆ, ಪೊಂಗಲ್. ಹೊತ್ತು ಹಿಡಿಯುವ ರವೆ ದೋಸೆ ಕೊನೆಗೆ. ಗಿರಾಕಿ ಪೂರ್ತಿ ಕೇಳಿ ಆಮೇಲೆ ತೀರ್ಮಾನಿಸುತ್ತಾನೆ. ಮಗಳ ಹಾಳೆ ನೋಡಿದರೆ ದೊಡ್ಡ ಆಸೆಯೇ ಮೊದಲಿತ್ತು. ಹುಡುಗಿಗೆ ಕೇಳುವ ಕ್ರಮ ತಿಳಿಯದು ಎಂದುಕೊಂಡು ಕೆಳಗಿನಿಂದ ಮೇಲಕ್ಕೆ ಓದಿ ಹೇಳಿದೆ. ಎಲ್ಲೂ ಸಿಗದಿದ್ದರೆ ಇರಲಿ ಎಂದು ಅವಳು ಬರೆದಿದ್ದ, ಊರಾಚೆಯ ಯಾವುದೋ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೊದಲನೆಯದಾಯಿತು. ಮೆಕ್ಯಾನಿಕಲ್ ಹದಿನೆಂಟನೆಯದು. ಪೂರ್ತಿ ನೋಡಿ ಅವಳ ರ‍್ಯಾಂಕಿಗೆ ತಕ್ಕ ಒಳ್ಳೆಯದನ್ನು ನೀವು ಕೊಡುತ್ತೀರಿ ಎಂದು ನಂಬಿದ್ದೆ. ಸರಿಯಾ ಎಂದು ಕೇಳಿದೆ. ನಿಮ್ಮ ಸಿಬ್ಬಂದಿ ಸರಿ ಎಂದು ಬಟನ್ ಒತ್ತಿದರು. ನಿಮ್ಮ ಕಂಪ್ಯೂಟರ್ ಮೊದಲನೆಯ ಹೆಸರು ಕೇಳಿ, ಅದನ್ನೇ ಬಡಿಸಿ, ಹೊರಟುಹೋಯಿತು.

ಸೀಟು ಹಂಚಿಕೆಯ ಫಲಿತಾಂಶ ಬಂದ ದಿನ ಟಿ. ನಗರದಿಂದ ನನ್ನ ತಮ್ಮ ಸ್ವೀಟ್ ಬಾಕ್ಸ್ ತಂದ. ನನ್ನ ಹೆಂಡತಿ ತುಂಗಾ ಪಕ್ಕದ ಮನೆಗಳಿಗೆ ಹಂಚಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವ ಮಗಳು ಅಂದು ನನ್ನೆದುರು ಬಂದು ಕನ್ನಡದಲ್ಲಿ ಕೇಳಿದಳು.

"ಅಪ್ಪ, ನಾನು ಬರೆದದ್ದನ್ನು ನೀವು ಯಾಕೆ ತಿರುಗಿಸಿದ್ದು?"

ಆ ಪ್ರಶ್ನೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಪ್ಪು ನನ್ನದೇ, ಒಪ್ಪಿದೆ. ಆದರೆ ತಪ್ಪಾಗಿ ತಂದ ತಟ್ಟೆಯನ್ನು ನಮ್ಮಂಥ ಸಣ್ಣ ಹೋಟೆಲಿನಲ್ಲೂ ವಾಪಸು ತೆಗೆದುಕೊಳ್ಳುತ್ತೇವೆ ಸ್ವಾಮಿ. ಮಕ್ಕಳ ಇಡೀ ಬದುಕಿನ ದಾರಿ ಗೊತ್ತುಮಾಡುವ ನಿಮ್ಮ ಕಚೇರಿಗೆ ತಿದ್ದಿಕೊಳ್ಳಲು ಒಂದು ದಿನ ಕೊಡುವುದು ಅಷ್ಟು ಭಾರವೇ? ಮೊದಲನೆಯದು ಸಿಕ್ಕರೆ ಉಳಿದದ್ದನ್ನು ನೋಡುವುದಿಲ್ಲ ಎಂಬ ಒಂದು ಸಾಲನ್ನು ಬಟನಿನ ಪಕ್ಕ ದಪ್ಪಕ್ಷರದಲ್ಲಿ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಸಿಕ್ಕಿದ್ದು ಬೇಡವಾದರೆ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಕಾಯಬಹುದು ಎನ್ನುತ್ತದೆ ನಿಮ್ಮ ನಿಯಮ. ನನ್ನ ಮಗಳಿಗೆ ಸಿಕ್ಕಿದ್ದೇ ಮೊದಲನೆಯದು. ಅದರ ಮೇಲೆ ಇರುವುದು ಪರದೆಯ ಅಂಚು ಮಾತ್ರ. ಇತ್ತ ಅವಳು ಬಯಸಿದ ಕಾಲೇಜಿನಲ್ಲಿ ನಾಲ್ಕು ಮೆಕ್ಯಾನಿಕಲ್ ಸೀಟುಗಳು ಖಾಲಿ ಬಿದ್ದಿವೆಯೆಂದು ನಿಮ್ಮದೇ ವೆಬ್‌ಸೈಟ್ ಹೇಳುತ್ತಿದೆ. ಯಾರಿಗಾಗಿ ಕಾದಿರಿಸಿದ್ದೀರಿ?

ಪ್ರವೇಶ ಮುಗಿಯಲು ಇನ್ನು ಐದು ದಿನ ಉಳಿದಿದೆ. ಆ ನಾಲ್ಕರಲ್ಲಿ ಒಂದನ್ನು ಅವಳಿಗೆ ಕೊಡಿ, ಈ ಸೀಟನ್ನು ಬಯಸುವವರಿಗೆ ಕೊಡಿ. ಮುಂದಿನ ವರ್ಷದಿಂದ ತಿದ್ದಲು ಒಂದು ದಿನ ಇಡಿ. ನನ್ನ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಮಗಳ ಕೈಬರಹದ ಹಾಳೆಯನ್ನು ಇದರ ಜೊತೆಗಿಟ್ಟಿದ್ದೇನೆ. ದಯವಿಟ್ಟು ಮೇಲಿನಿಂದ ಓದಿ.

ಇಂತಿ,
ಹಾಳೆಯನ್ನು ಕೆಳಗಿನಿಂದ ಓದಿದ ತಂದೆ,
ಮಧ್ವರಾಜ, ತ್ರಿಪ್ಲಿಕೇನ್