ನಲವತ್ತೊಂದನೇ ಪುಟದ ಕೋರ್ಸು

ಪ್ರವೇಶ ವಿಭಾಗ, ಎರಡನೇ ಕಿಟಕಿ
ಜೂನ್ ೧೨, ಬುಧವಾರ

ಮಣ್ಣಿನ ಮೇಷ್ಟ್ರಿಗೆ,

ನಮಸ್ಕಾರ. ಲಕೋಟೆಯ ಮೇಲೆ ವಿಶ್ವವಿದ್ಯಾಲಯದ ಮುದ್ರೆ ನೋಡಿ ಹರಿದು ಹಾಕಲು ಹೋಗಬೇಡಿ. ಒಳಗಿರುವುದು ಸುತ್ತೋಲೆಯಲ್ಲ, ನಿಮ್ಮ ಹೆಂಡತಿಯ ಕಾಗದ. ಎರಡು ವರ್ಷದಿಂದ ನಾವಿಬ್ಬರೂ ಮಗಳ ಬಾಯಿಂದಲೇ ಮಾತಾಡುತ್ತಿದ್ದೇವೆ. ಪಾಪ, ಅವಳಿಗೂ ಸಾಕಾಗಿದೆ. ನಿಮ್ಮ ಮೊಣಕಾಲು ನೋವು ಕಡಿಮೆಯಾಗಿದೆಯಂತೆ, ನಿಮ್ಮಕ್ಕನ ಮನೆಯ ಊಟ ಮೈಗೆ ಹತ್ತಿದೆಯಂತೆ. ಸಂತೋಷ. ಆದರೆ ಈ ವಿಷಯವನ್ನು ಅವಳ ಕೈಲಿ ಹೇಳಿಸುವಂತಿರಲಿಲ್ಲ. ತಪ್ಪು ಮಾಡಿದವಳು ನಾನು, ನಾನೇ ಬರೆಯಬೇಕು.

ನಮ್ಮ ಕೋರ್ಸುಗಳ ಕೈಪಿಡಿ ಹೇಗೆ ತಯಾರಾಗುತ್ತದೆಂದು ನಿಮಗೆ ಗೊತ್ತೇ ಇದೆ. ಹಿಂದಿನ ವರ್ಷದ ಫೈಲ್ ತೆರೆಯುವುದು, ತಾರೀಖು ಬದಲಿಸುವುದು, ಪ್ರೆಸ್ಸಿಗೆ ಕಳಿಸುವುದು. ಈ ಸಲ ಗಡಿಬಿಡಿಯಲ್ಲಿ ನಾನು ಮೂರು ವರ್ಷದ ಹಿಂದಿನ ಫೈಲ್ ತೆರೆದುಬಿಟ್ಟೆ. ತಾರೀಖುಗಳೆಲ್ಲ ಹೊಸದಾದವು, ಹೊಸ ಕೋರ್ಸುಗಳೂ ಸೇರಿದವು, ನಲವತ್ತೊಂದನೇ ಪುಟ ಮಾತ್ರ ಹಾಗೇ ಉಳಿಯಿತು: 'ಮಣ್ಣಿನ ಅಧ್ಯಯನ, ಸಂಜೆಯ ಡಿಪ್ಲೊಮಾ, ಒಂದು ವರ್ಷ.' ನೀವು ಬಿಟ್ಟುಹೋದ ವರ್ಷ ಮುಚ್ಚಿದ ನಿಮ್ಮ ಕೋರ್ಸು. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಪ್ರತಿಗಳೆಲ್ಲ ಹಂಚಿಹೋಗಿದ್ದವು.

ಯಾರೂ ಗಮನಿಸಲಾರರು ಅಂದುಕೊಂಡೆ. ನಮ್ಮ ಕೈಪಿಡಿಯನ್ನು ಓದುವವರಾದರೂ ಯಾರು? ಕಿಟಕಿಗೆ ಬಂದವರು ಮೊದಲು ನರ್ಸಿಂಗ್ ಕೇಳುತ್ತಾರೆ. ಅದು ತುಂಬಿದೆ ಎಂದರೆ ಅಕೌಂಟ್ಸ್. ಅದೂ ಇಲ್ಲವೆಂದರೆ ಕಂಪ್ಯೂಟರಿನ ನಾಲ್ಕು ಕೋರ್ಸುಗಳಲ್ಲಿ ಯಾವುದೋ ಒಂದು. ನಾಲ್ಕಕ್ಕೂ ಅದೇ ಲ್ಯಾಬು, ಅದೇ ಮೇಡಂ, ಹೆಸರು ಮಾತ್ರ ಬೇರೆ. ಈ ವರ್ಷ ಐದನೆಯದೂ ಶುರುವಾಗಿದೆ; ಆ ಮೇಡಂಗೆ ಇನ್ನೂ ಯಾರೂ ಹೇಳಿಲ್ಲ.

ಕಳೆದ ವಾರ ಸೋಮವಾರ ಒಬ್ಬ ಹೆಂಗಸು ಬಂದರು. ಹತ್ತೊಂಬತ್ತು ವರ್ಷದಿಂದ ನಗರದ ದೊಡ್ಡ ಉದ್ಯಾನದಲ್ಲಿ ಗಿಡ ನೋಡಿಕೊಳ್ಳುವವರು. ಅಲ್ಲಿನ ಮುಖ್ಯ ತೋಟಗಾರರು ನಿವೃತ್ತರಾಗುತ್ತಿದ್ದಾರೆ. ಆ ಜಾಗ ನ್ಯಾಯವಾಗಿ ಈಕೆಗೇ ಸಿಗಬೇಕು, ಆದರೆ ಈಗಿನ ನಿಯಮದಂತೆ ಮಣ್ಣಿನ ವಿಷಯದಲ್ಲಿ ಡಿಪ್ಲೊಮಾ ಇರಲೇಬೇಕಂತೆ. ಒಂದು ವರ್ಷ ಕಾಯುತ್ತೇವೆ, ಆಮೇಲೆ ಹೊರಗಿನವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಹಗಲು ದುಡಿದು ಸಂಜೆ ಕಲಿಯುವಂಥ ಕೋರ್ಸು ಸುತ್ತಮುತ್ತ ಎಲ್ಲೂ ಇಲ್ಲ, ನಮ್ಮ ನಲವತ್ತೊಂದನೇ ಪುಟ ಒಂದನ್ನು ಬಿಟ್ಟರೆ.

ಇಷ್ಟು ಕೇಳಿಯೂ ನನ್ನ ನಾಲಿಗೆ ಹಳೆಯ ಚಾಳಿ ಬಿಡಲಿಲ್ಲ. "ಅದರ ಬದಲು ಕಂಪ್ಯೂಟರ್ ತಗೊಳ್ಳಿ, ಬೇಗ ಕೆಲಸ ಸಿಗುತ್ತೆ" ಅಂದೆ. ಆಕೆ ನಕ್ಕು, "ಕೆಲಸ ಇದೆಯಲ್ಲ ಮೇಡಂ, ಅದನ್ನೇ ಸರಿಯಾಗಿ ಕಲೀಬೇಕು" ಅಂದರು. ಆಮೇಲೆ ಚೀಲದಿಂದ ಕೈಪಿಡಿ ತೆಗೆದು ಗೆರೆ ಎಳೆದಿದ್ದ ಒಂದು ಸಾಲು ತೋರಿಸಿದರು. "ಮಣ್ಣನ್ನ ಅಂಗೈಲಿ ಹಿಸುಕಿ ನೋಡಿದ್ರೆ ನೀರು ನಿಲ್ಲುತ್ತೋ ಇಲ್ವೋ ಗೊತ್ತಾಗುತ್ತೆ ಅಂತ ಬರೆದಿದೆ. ಅದನ್ನ ಎಷ್ಟನೇ ವಾರ ಹೇಳಿಕೊಡ್ತಾರೆ?" ಅಂತ ಕೇಳಿದರು. ಅದು ನೀವು ಬರೆದುಕೊಟ್ಟ ಸಾಲು. ನಿಮ್ಮ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಆ ಸಾಲು ಕೈಪಿಡಿಯಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಕುಲಸಚಿವರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, ಸ್ಥಾಪಕರ ಕಾಲದಿಂದ ನಡೆದು ಬಂದ ಪದ್ಧತಿಯನ್ನು ನೆನಪಿಸಿದರು: ಕೈಪಿಡಿಯಲ್ಲಿ ಅಚ್ಚಾದ ಕೋರ್ಸನ್ನು ಇಬ್ಬರು ಬಂದು ಕೇಳಿದರೆ ಕಲಿಸಲೇಬೇಕು. "ಇಬ್ಬರಾಗ್ಬೇಕು, ಮೇಷ್ಟ್ರೂ ಬೇಕು. ಇಲ್ಲಾಂದ್ರೆ ಆಕೆಗೆ ಕ್ಷಮಾಪಣೆ ಪತ್ರ ನಿಮ್ಮ ಕೈಯಾರೆ ಬರೀರಿ" ಅಂದರು. ಇಪ್ಪತ್ತನೇ ತಾರೀಖಿನವರೆಗೆ ಸಮಯ ಕೊಟ್ಟಿದ್ದಾರೆ. ಇಬ್ಬರು ಆಗಿದ್ದಾರೆ. ಇನ್ನೊಬ್ಬರು ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು, ಐವತ್ಮೂರು ವರ್ಷ. ವಿಶೇಷವೇನಿಲ್ಲ, ಕಾಗದಪತ್ರಗಳೆಲ್ಲ ಸರಿಯಾಗಿವೆ. ಇಲ್ಲದಿರುವುದು ಮೇಷ್ಟ್ರು.

'ನಾನೇಕೆ ಬರಬೇಕು?' ಎಂದು ನೀವು ಕೇಳಬಹುದು, ಕೇಳುವ ಹಕ್ಕೂ ನಿಮಗಿದೆ. ಅವತ್ತು ಹಾಜರಿ ಪುಸ್ತಕ ಕೊಡಲು ಬಂದ ನೀವು ಬಾಗಿಲ ಮರೆಯಲ್ಲಿ ನಿಂತಿದ್ದು ನನಗೆ ಕಾಣಲಿಲ್ಲ. ಕಿಟಕಿಯ ಮುಂದಿದ್ದ ಯಾರೋ ಅಪ್ಪ-ಮಗಳಿಗೆ ನಾನು ನಗುನಗುತ್ತಾ, "ಮಣ್ಣಾ? ಅದನ್ನ ಕಲಿತು ಏನ್ಮಾಡ್ತೀರಾ?" ಅಂದದ್ದು ನಿಮ್ಮ ಕಿವಿಗೆ ಬಿತ್ತು. ಆ ವರ್ಷ ನಿಮ್ಮ ತರಗತಿಗೆ ಒಬ್ಬರೂ ಸೇರಲಿಲ್ಲ. ಕೋರ್ಸು ಮುಚ್ಚಿತು, ನೀವು ಗಂಟುಮೂಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟಿರಿ. ಅದೊಂದೇ ಸಲ ಬಾಯಿತಪ್ಪಿ ಬಂದದ್ದು ಎಂದು ಆಗ ಆಣೆ ಮಾಡಿದೆನಲ್ಲ, ಅದು ಸುಳ್ಳು. ವರ್ಷಗಟ್ಟಲೆ ಹಾಗೇ ಹೇಳುತ್ತಿದ್ದೆ, ಕೇಳಿದವರಿಗೆಲ್ಲ.

ಬೇರೆ ಸೀಟುಗಳನ್ನು ತುಂಬಿಸುವ ಒತ್ತಡವಿತ್ತು, ಅದು ನಿಜ. ಆದರೆ ಮನಸ್ಸಿನೊಳಗಿನ ಕಾರಣ ಬೇರೆ. ಅಡುಗೆಮನೆಯ ಕಪಾಟಿನ ತುಂಬ ನಿಮ್ಮ ಮಣ್ಣಿನ ಬಾಟಲಿಗಳು. ರಜೆ ಬಂತೆಂದರೆ ಯಾರದೋ ಹೊಲದಲ್ಲಿ ಗುಂಡಿ ತೋಡಲು ಓಟ. ಊಟಕ್ಕೆ ಕೂತಾಗಲೂ ಉಗುರಿನಲ್ಲಿ ಅದೇ. ನನ್ನೊಂದಿಗೆ ಹತ್ತು ಮಾತಾಡದ ನೀವು ಅದರ ವಿಷಯ ಬಂದರೆ ಗಂಟೆಗಟ್ಟಲೆ ಮಾತಾಡುತ್ತಿದ್ದಿರಿ. ನನಗೆ ಹೊಟ್ಟೆಕಿಚ್ಚು. ಮಣ್ಣಿನ ಮೇಲೆ ಸವತಿ ಮತ್ಸರ ಪಟ್ಟವಳು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ನಗು ಬಂದರೆ ನಗಿ. ನನಗೆ ನಾಚಿಕೆಯಾಗುತ್ತದೆ, ದುಃಖವೂ ಆಗುತ್ತದೆ.

ಮನೆಗೆ ಬನ್ನಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ವಾರಕ್ಕೆ ಮೂರು ಸಂಜೆ ತರಗತಿಗೆ ಬಂದು ಹೋಗಿ. ನಾಲ್ಕೂವರೆಯ ರೈಲು ಹಿಡಿದರೆ ಆರಕ್ಕೆ ಇಲ್ಲಿರುತ್ತೀರಿ. ನಿಮ್ಮ ಕೋಣೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟಿನವರು ತಟ್ಟೆ ಲೋಟ ಪೇರಿಸಿದ್ದರು, ಜಗಳವಾಡಿ ತೆಗೆಸಿದ್ದೇನೆ. ಉದ್ದನೆಯ ಮೇಜು, ಜರಡಿಗಳು ಉಗ್ರಾಣದಲ್ಲಿ ಸಿಕ್ಕಿದವು. ತಕ್ಕಡಿಯ ಒಂದು ತಟ್ಟೆ ಎಲ್ಲಿ ಹೋಯಿತೋ ತಿಳಿಯದು.

ಬರುವುದಿಲ್ಲ ಎಂದಾದರೆ ಬೇಗ ಒಂದು ಸಾಲು ಬರೆಯಿರಿ. ಆ ತೋಟದ ಹೆಂಗಸು ದಿನವೂ ಕೆಲಸ ಮುಗಿಸಿ ಕಿಟಕಿಗೆ ಬಂದು, "ಮೇಷ್ಟ್ರು ಒಪ್ಪಿದ್ರಾ ಮೇಡಂ?" ಅಂತ ಕೇಳಿ ಹೋಗುತ್ತಾರೆ. ಇನ್ನೂ ಪತ್ರವನ್ನೇ ಬರೆದಿಲ್ಲ ಎಂದು ಹೇಳಲು ಇವತ್ತಿನವರೆಗೂ ನನಗೆ ಬಾಯಿ ಬರಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ಅಕ್ಕನವರಿಗೆ ನನ್ನ ನಮಸ್ಕಾರ ಹೇಳಿ, ಅವರು ತೆಗೆದುಕೊಳ್ಳುವುದಾದರೆ.

ಇಂತಿ,
ಎರಡನೇ ಕಿಟಕಿಯ
ನಿಮ್ಮವಳು

ತಾ.ಕ.: ಇಬ್ಬರ ಅರ್ಜಿಗಳ ನಕಲನ್ನು ಇದರ ಜೊತೆಗಿಟ್ಟಿದ್ದೇನೆ, ಮೇಷ್ಟ್ರು ಮೊದಲೇ ನೋಡಿರಬೇಕು ಎನ್ನುವುದು ನಿಯಮ. ಎರಡನೆಯದರ ಮೇಲಿನ ಫೋಟೋ ನೋಡಿ ಗಾಬರಿಯಾಗಬೇಡಿ, ಹೌದು, ನಾನೇ. ಇನ್ನೊಬ್ಬರು ಸಿಗಲಿಲ್ಲವೆಂದು ಸೇರಿದೆ ಎಂದು ಮೊದಲ ದಿನ ನನಗೆ ನಾನೇ ಹೇಳಿಕೊಂಡೆ. 'ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ?' ಎಂಬ ಜಾಗವನ್ನು ಖಾಲಿ ಬಿಟ್ಟವರ ಅರ್ಜಿಗಳನ್ನು ಇಷ್ಟು ವರ್ಷ ನಾನೇ ವಾಪಸು ಕಳಿಸಿದವಳು. ನನ್ನ ಸರದಿ ಬಂದಾಗ ಊಟದ ವಿರಾಮ ಪೂರ್ತಿ ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಇಷ್ಟು ಬರೆದೆ: 'ಇದನ್ನು ಬೇಡವೆಂದು ಎಲ್ಲರಿಗೂ ಹೇಳುತ್ತಿದ್ದವಳು ನಾನು. ಇದು ಏನೆಂದು ಒಂದು ದಿನವೂ ಕೇಳಲಿಲ್ಲ. ಈಗ ಕೇಳಬೇಕು.'