ಎಂಟರ್ ಒತ್ತಿದವರ ಉತ್ತರ

ಮಹದೇವಪುರ
12-11-2001

ವ್ಯವಸ್ಥಾಪಕ ನಿರ್ದೇಶಕರಿಗೆ, ಸ್ಟೋರ್ಸ್ ವಿಭಾಗದ ವಿಮಲಾಕ್ಷಿಯ ನಮಸ್ಕಾರಗಳು.

ಸೋರಿಕೆ ತಡೆಯುವ ರಬ್ಬರ್ ಸೀಲ್ ಇಲ್ಲದೆ ಪಂಪ್ ಜೋಡಣೆ ಎರಡು ದಿನ ನಿಂತಿತೆಂದು ನಮ್ಮ ರಾಮಾಂಜಿನಪ್ಪನವರಿಗೆ ಮೆಮೊ ಕೊಟ್ಟಿದ್ದೀರಿ. ಇಪ್ಪತ್ತಾರು ವರ್ಷ ಅವರು ಸ್ಟಾಕನ್ನು ಕಪ್ಪುಹಲಗೆಯ ಮೇಲೆ ಬರೆದಿಟ್ಟರು. ಒಂದು ದಿನವೂ ಕೆಲಸ ನಿಲ್ಲಲಿಲ್ಲ. ಕಂಪ್ಯೂಟರ್ ಬಂದ ದಿನ ಆ ಹಲಗೆಯನ್ನು ಕೀಳಿಸಿದಿರಿ.

ತರಬೇತಿಗೆ ಹೋದವರು ಯಾರು? ಇಂದಿರಾನಗರದ ಹೋಟೆಲಿಗೆ, ಮೂರು ದಿನ, ಕೀಬೋರ್ಡ್ ಮುಟ್ಟದ ಮ್ಯಾನೇಜರುಗಳು. ನಮ್ಮ ಮ್ಯಾನೇಜರ್ ರವಿಕಿರಣ ಅವರು ವಾಪಸು ಬಂದು ನಿಂತಲ್ಲೇ ಕಲಿಸಿದ್ದು ಇಷ್ಟು: "ನಂಬರ್ ಹಾಕಿ, ಎಂಟರ್ ಒತ್ರೀ. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ಹಾಗೆಯೇ ಮಾಡಿದೆವು. ಸೋರುತ್ತವೆಂದು ಗಿರಾಕಿಗಳು ಹಿಂದಿರುಗಿಸಿದ ಸೀಲುಗಳಿಗೂ ಎಂಟರ್ ಒತ್ತಿದೆವು. ಕಂಪ್ಯೂಟರ್ ಅವನ್ನೂ ಹೊಸ ಮಾಲಿನ ಜೊತೆ ಎಣಿಸಿತು. "ಡಬ್ಬ ಖಾಲಿ ಐತೆ ಸಾರ್" ಎಂದು ರಾಮಾಂಜಿನಪ್ಪನವರು ಮೊದಲೇ ಹೇಳಿದ್ದರು. "ಸ್ಕ್ರೀನಲ್ಲಿ ಎಂಟುನೂರು ತೋರಿಸ್ತಿದೆಯಲ್ರೀ!" ಎಂದು ಗದರಿ, ಹೊಸ ಮಾಲು ತರಿಸದೆ ಕಳಿಸಿದವರು ರವಿಕಿರಣ ಅವರೇ. ಅವರಿಗೆ ಮೆಮೊ ಇಲ್ಲ.

ಆಯುಧಪೂಜೆಯಂದು ಆ ಯಂತ್ರದ ಮುಂದೆ ಕುಂಬಳಕಾಯಿ ಒಡೆಸಿದಿರಿ. ಅದರ ಮುಂದೆ ದಿನವಿಡೀ ಕೂರುವ ನಮ್ಮ ಐವರಿಗೆ ಪಾಠವನ್ನೂ ಹೇಳಿಸಿ. ಹೋಟೆಲ್ ಬೇಡ, ಶನಿವಾರ ಮಧ್ಯಾಹ್ನ ಕ್ಯಾಂಟೀನ್ ಖಾಲಿ ಇರುತ್ತದೆ. ಯಾವುದನ್ನು ಎಲ್ಲಿ ತುಂಬಬೇಕು, ಬಂದ ಲೆಕ್ಕ ಸುಳ್ಳೆಂದು ಹೇಗೆ ಗುರುತಿಸಬೇಕು, ಇದನ್ನು ಕಲಿಸಿದರೆ ಸಾಕು.

ಮೆಮೊಗೆ ಉತ್ತರ ಬರೆಯಬೇಡಿ ಎಂದು ರಾಮಾಂಜಿನಪ್ಪನವರಿಗೆ ನಾನೇ ಹೇಳಿದ್ದೇನೆ. ಉತ್ತರ ಇಲ್ಲಿದೆ: ಎಂಟರ್ ಒತ್ತಿದ್ದು ನಾವೇ. ನೀವು ಹೇಳಿಕೊಟ್ಟಿದ್ದೂ ಅಷ್ಟೇ.

ಇಂತಿ,
ವಿಮಲಾಕ್ಷಿ