ವಾಪಸ್ ಬರುವಾಗಿನ ಕೆಮ್ಮು

ವೈರ್‌ಲೆಸ್ ಇನ್ಸ್‌ಪೆಕ್ಟರ್ ಸಾಹೇಬರಿಗೆ,

ಹಳೇ ಕಾಲದ ಮೊಬೈಲ್ ಮಾತುಕತೆ ಹಿಡಿಯಬಲ್ಲದೆಂದು ವೈರ್‌ಲೆಸ್ ಮಾತು ಕೇಳಿಸುವ ನಮ್ಮ ರೇಡಿಯೋ ಸ್ಕ್ಯಾನರ್ ಜಪ್ತಿ ಮಾಡಿದಿರಿ. ಆ ಮೊಬೈಲುಗಳು ಗುಜರಿ ಸೇರಿ ಯಾವ ಕಾಲವಾಯಿತು! ನಿಮ್ಮ ಗುಮಾಸ್ತರು ಕೂಡ "ಕಾನೂನಿಗೆ ಅದಿನ್ನೂ ಗೊತ್ತಾಗಿಲ್ಲಮ್ಮ" ಅಂದರು. ಅಲೆದು ಅಲೆದು ಸಾಕಾಗಿದೆ.

ನಮ್ಮ ಯಜಮಾನರು ಅಗ್ನಿಶಾಮಕ ವಾಹನದ ಚಾಲಕರು. ಬೆಂಕಿ ಆರಿಸಿ ಹೊರಟಾಗ ವೈರ್‌ಲೆಸ್ಸಿನಲ್ಲಿ ಒಮ್ಮೆ ಕೆಮ್ಮುತ್ತಾರೆ. ಅದು ನನಗಾಗಿ. ಸ್ಕ್ಯಾನರಿನಲ್ಲಿ ಅದನ್ನು ಕೇಳಿದ ಮೇಲೆಯೇ ನಾನು ಒಲೆ ಹಚ್ಚುವುದು.

ಜಪ್ತಿಯಾದದ್ದನ್ನು ಅವರಿಗೆ ಹೇಳಿಲ್ಲ. ಸ್ಕ್ಯಾನರಿನ ಬಟ್ಟೆ ಮುಸುಕಿನೊಳಗೆ ಅದರ ಬದಲು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇನೆ. ಹಳೇ ಮೊಬೈಲಿನ ಮಾತು ಹಿಡಿಯುವ ಭಾಗವನ್ನು ಬೇಕಾದರೆ ಕಿತ್ತುಹಾಕಿ, ಉಳಿದದ್ದನ್ನು ಕೊಟ್ಟುಬಿಡಿ.

ನಿನ್ನೆ ಅವರು ಬಂದಾಗ, "ಕೆಮ್ಮಿದ್ದು ಕೇಳಿಸ್ತು, ಊಟ ಬಿಸಿಯಾಗಿದೆ" ಅಂದೆ.

"ಇವತ್ತು ಮೈಕೇ ಕೆಟ್ಟಿತ್ತು ಕಣೇ" ಅಂದವರು, ಮುಸುಕಿನ ಕಡೆ ನೋಡದೆ ಉಂಡರು.

ನಾಳೆಯೂ ನಿಮ್ಮ ಕಚೇರಿಯ ಬೆಂಚಿನ ಮೇಲೆ ಸಿಗುವ,
ಡ್ರೈವರ್ ಹೆಂಡತಿ